ತೆರೆಯದೆ ಉಳಿದ ಮುನ್ನೋಟ

ಸಿಂಧನೂರು ಸೀಮೆ, ಎರಡು ಸಾವಿರದ ನೂರ ಇಪ್ಪತ್ತೆರಡನೆಯ ಇಸವಿ, ನಡುಬೇಗೆಯ ಹನ್ನೊಂದನೆಯ ದಿನ

ಡಾಕ್ಟರ್ ರೇವತಿ ಗುಡಿಹಾಳ ಅವರಿಗೆ,

ಹುಲಿಗೆಮ್ಮ ಮಾಡುವ ನಮಸ್ಕಾರ. ಮೇಲಿನ ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದು ನಿಮಗೆ ಅನ್ನಿಸಬಹುದು. ನನ್ನ ಕೆಲವು ಪದಗಳೂ ನಿಮಗೆ ಹೊಸವೆನಿಸಬಹುದು. ನೂರು ವರ್ಷದಲ್ಲಿ ಭಾಷೆ ಒಂದೆಡೆ ಸವೆದಿದೆ, ಇನ್ನೊಂದೆಡೆ ಚಿಗುರಿದೆ. ತಪ್ಪು ಕಂಡಲ್ಲಿ ಮನ್ನಿಸಿ ಓದಿಕೊಳ್ಳಿ. ಈ ಪತ್ರ ನಿಮ್ಮನ್ನು ಮುಟ್ಟುವ ದಾರಿ ನನಗೆ ತಿಳಿಯದು. ಬರೆಯದೆ ಇರಲಾರದೆ ಬರೆಯುತ್ತಿದ್ದೇನೆ.

ನಮ್ಮದು ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗಿನ ಊರು. ಒಂಬೈನೂರು ಜನ ಇದ್ದೆವು. ಭತ್ತದ ಗದ್ದೆಗಳು ಇನ್ನೂ ಇವೆ. ಶಾಲೆ ನಸುಕಿನಲ್ಲಿ ಆರಂಭವಾಗಿ ಎಂಟಕ್ಕೆ ಮುಗಿಯುತ್ತದೆ, ಮದುವೆಗಳು ಮಾಗಿಯಲ್ಲಿ ಮಾತ್ರ ನಡೆಯುತ್ತವೆ. ಬೇಸಿಗೆಯಲ್ಲಿ ಕೆಲವು ಸಲ ಗಾಳಿ ನಿಂತುಬಿಡುತ್ತದೆ. ಗದ್ದೆಯ ತೇವವೆಲ್ಲ ಮೇಲೆದ್ದು ಬೆವರು ಆರದಂತಾಗುತ್ತದೆ. ಅದನ್ನು ಹಬೆಬೇಗೆ ಎನ್ನುತ್ತೇವೆ. ನೆರಳಲ್ಲಿ ನೀರು ಕುಡಿಯುತ್ತ ಕುಳಿತ ಗಟ್ಟಿ ಆಳೂ ಅದರಲ್ಲಿ ಒಂದು ದಿನಕ್ಕಿಂತ ಹೆಚ್ಚು ತಾಳಲಾರ. ಆಗ ಎಲ್ಲರೂ ಚಾಪೆ, ನೆನೆಸಿದ ಅವಲಕ್ಕಿ, ಬುಟ್ಟಿಯಲ್ಲಿ ಕೋಳಿ ಹಿಡಿದುಕೊಂಡು ತಣ್ಮನೆಗೆ ಹೋಗುತ್ತೇವೆ. ತಣ್ಮನೆ ಎಂದರೆ ದಪ್ಪ ಗೋಡೆಯ ನಾಲ್ಕು ಅಂಕಣಗಳು. ಬ್ಯಾಟರಿಯ ವಿದ್ಯುತ್ತಿನಿಂದ ಅವುಗಳನ್ನು ತಂಪಾಗಿ ಇಡುತ್ತೇವೆ. ಆ ದಿನಗಳಲ್ಲಿ ಆಕಾಶ ಮಂಕಾಗಿ ಸೌರಫಲಕಗಳು ಅರ್ಧಕ್ಕರ್ಧವೂ ಕೊಡುವುದಿಲ್ಲ. ಕೂಡಿಟ್ಟದ್ದರಲ್ಲೇ ಬದುಕಬೇಕು.

ಎಷ್ಟು ದಿನಕ್ಕಾಗುವಷ್ಟು ಕೂಡಿಡಬೇಕು ಎಂದು ಲೆಕ್ಕ ಹಾಕಿದವಳು ನಾನೇ. ನಮ್ಮ ಸೀಮೆಯ ಅಂದಾಜುಗಾರ್ತಿ ನಾನು.

ನಿಮ್ಮ ಕಾಲದ ಸಂಶೋಧಕರು ಜಾಲದಲ್ಲಿ ಕಟ್ಟಿದ್ದ ಒಂದು ಸೈಟಿನ ಪ್ರತಿ ನಮ್ಮಲ್ಲಿ ಉಳಿದಿದೆ. ಅದನ್ನು ಕೂಡುಕಣಜ ಎನ್ನುತ್ತೇವೆ. ಎಷ್ಟು ಕಲ್ಲಿದ್ದಲು ಸುಟ್ಟರೆ ಎಷ್ಟು ಬಿಸಿ, ಎಷ್ಟು ಜನಕ್ಕೆ ಎಷ್ಟು ವಿದ್ಯುತ್ತು ಎಂಬ ಮುನ್ನೋಟಗಳನ್ನು ಒಬ್ಬೊಬ್ಬರೂ ಅಲ್ಲಿ ತಂದು ಸುರಿದಿದ್ದಾರೆ. ಒಬ್ಬರದನ್ನು ಇನ್ನೊಬ್ಬರು ಪಕ್ಕದಲ್ಲಿಟ್ಟು ಹೋಲಿಸಬಹುದು, ತಿದ್ದಬಹುದು, ತೆಗೆದುಕೊಂಡು ಹೋಗಬಹುದು. ಮುಖ ನೋಡದ ಜನ ಒಬ್ಬರಿಗೊಬ್ಬರು ಇಷ್ಟು ಕೊಟ್ಟುಕೊಂಡಿದ್ದರಲ್ಲ ಎಂದು ನಾನು ಎಷ್ಟೋ ಬೆಳಗು ಬೆರಗಾಗಿದ್ದೇನೆ.

ನಾನು ತೆರೆದು ನೋಡಿದ ಮುನ್ನೋಟಗಳೆಲ್ಲ ನಮ್ಮ ಜಿಲ್ಲೆಯನ್ನು ಒಣನೆಲವೆಂದೇ ಎಣಿಸಿದ್ದವು. ಹಬೆಬೇಗೆ ಬಂದರೂ ಹೆಚ್ಚೆಂದರೆ ಸತತ ಮೂರು ದಿನ ಎಂದಿದ್ದವು. ಒಂದು ಮಾತ್ರ ಬೇರೆಯಿತ್ತು. ‘ತುಂಗಭದ್ರೆಯ ಎಡದಂಡೆ ಕಾಲುವೆ: ಗದ್ದೆಗಳ ತೇವ, ಬೇಗೆ ಮತ್ತು ವಿದ್ಯುತ್ ಬೇಡಿಕೆ’ ಎಂಬ ಹೆಸರು, ಕೆಳಗೆ ನಿಮ್ಮ ಹೆಸರು. ಒಳಗಿನ ಕೋಷ್ಟಕ ಇರಲಿಲ್ಲ. ಕಡತವನ್ನು ನೀವು ಖಾಸಗಿಯಾಗಿ ಇಟ್ಟಿದ್ದರಿಂದ ಪ್ರತಿ ಮಾಡಿದವರಿಗೆ ಮುಖಪುಟವಷ್ಟೇ ಸಿಕ್ಕಿತ್ತು. ಅದರ ಕೆಳಗೆ ಢಾಕಾದಿಂದ, ನೈರೋಬಿಯಿಂದ, ತಂಜಾವೂರಿನಿಂದ ನಲವತ್ತೊಂದು ಮಂದಿ ದಯವಿಟ್ಟು ತೆರೆಯಿರಿ ಎಂದು ಕೇಳಿದ್ದರು. ಒಂದಕ್ಕೂ ಉತ್ತರವಿರಲಿಲ್ಲ.

ನನ್ನ ಮಗಳು ಚನ್ನಬಸವ್ವ ತಣ್ಮನೆಯ ಬ್ಯಾಟರಿ ಕೋಣೆ ನೋಡಿಕೊಳ್ಳಬೇಕಾದವಳು. ಆ ಮುಖಪುಟವನ್ನು ಅವಳಿಗೂ ತೋರಿಸಿದೆ. ಹೆಸರು ಓದಿ ಕೇಳಿದಳು:

“ಅವ್ವಾ, ನಮ್ಮ ಕಾಲುವಿ ಹೆಸರ ಬರದಾರ. ಒಳಗ ಏನೈತಂತ ತಿಳೀದ ಹೆಂಗ ಕಟ್ಟತೀರಿ?”

“ಸಿಗದ ಲೆಕ್ಕಕ್ಕ ಕಾಯ್ಕೋತ ಕುಂತ್ರ ಬ್ಯಾಸಗಿ ಕಾಯಂಗಿಲ್ಲವ್ವ” ಎಂದೆ.

ಮೂರು ದಿನಕ್ಕೆ ಇನ್ನರ್ಧ ದಿನ ಸೇರಿಸಿ ಕಟ್ಟಿಸಿದೆ. ಆ ಅರ್ಧ ದಿನದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಹೋದ ವರ್ಷ ಬಂದ ಹಬೆಬೇಗೆ ಆರು ದಿನ ನಿಂತಿತು. ನಾಲ್ಕನೆಯ ದಿನ ಬೆಳಗ್ಗೆ ಚನ್ನಬಸವ್ವ ಎರಡು ಅಂಕಣ ಮುಚ್ಚಿಸಿದಳು, ಮಧ್ಯಾಹ್ನ ಮೂರನೆಯದನ್ನೂ ಮುಚ್ಚಿಸಿದಳು. ಕೂಸು ಇದ್ದವರು, ಬಸುರಿಯರು, ಮುದುಕರು ಉಳಿದ ಒಂದು ಅಂಕಣಕ್ಕೆ ಬಂದರು. ಹಿಡಿಸದೆ ಹೊರಗುಳಿದವರು ಕಾಲುವೆಗೆ ಇಳಿದರು. ಅಲ್ಲಿ ನೀರೂ ಮೈಯಷ್ಟೇ ಬಿಸಿಯಾಗಿತ್ತು. ಅವರಲ್ಲಿ ನೂರ ಹದಿನೆಂಟು ಮಂದಿ ತೀರಿಕೊಂಡರು.

ಭಾರಕ್ಕೆ ಸೋತು, ಬ್ಯಾಟರಿಗಳನ್ನು ತಾನಾಗಿ ಬದಲಿಸುವ ಯಂತ್ರ ನಿಂತುಹೋಯಿತು. ಆಮೇಲೆ ಚನ್ನಬಸವ್ವ ಒಂದೊಂದನ್ನೇ ಕೈಯಿಂದ ಬದಲಿಸುತ್ತ ಆ ಕೋಣೆಯಲ್ಲೇ ಉಳಿದಳು. ಅದು ಅಂಕಣದ ಹೊರಗಿನ ಕೋಣೆ. ತಂಪು ಅಲ್ಲಿಗೆ ಹೋಗುವುದಿಲ್ಲ. ಬದಲಿಗೆ ನಿಲ್ಲಲು ಇಬ್ಬರು ಹೋದರು, ಇಬ್ಬರನ್ನೂ ಹೊತ್ತುಕೊಂಡು ಬರಬೇಕಾಯಿತು. ಬಾಗಿಲು ತೆರೆದ ಪ್ರತಿ ಸಲವೂ ಅಂಕಣ ಬಿಸಿಯಾಯಿತು. ಐದನೆಯ ದಿನ ಮಧ್ಯಾಹ್ನ ನಾನೇ ಹೋಗುತ್ತೇನೆಂದು ನಡುವಿನ ಬಾಗಿಲಿನ ಅಗುಳಿಗೆ ಕೈಯಿಟ್ಟೆ. ಅವಳಿಗೆ ಸದ್ದು ಕೇಳಿಸಿತು.

“ತಗೀಬ್ಯಾಡಬೇ. ತಗದ್ರ ಒಳಗಿನ ತಂಪು ಹೋಗತೈತಿ. ಅಷ್ಟೂ ಕೂಸು ಅದಾವು ಅಲ್ಲಿ.”

ನಾನು ತೆಗೆಯಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಅವಳ ಹೆಸರು ಕರೆಯುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಮೂರೂವರೆಯ ಮೇಲೆ ಹೂಂ ಎನ್ನಲಿಲ್ಲ. ಅವಳು ಬದಲಿಸಿಟ್ಟ ಕೊನೆಯ ಸಾಲು ಮರುದಿನ ಗಾಳಿ ತಿರುಗುವವರೆಗೂ ನಡೆಯಿತು. ಅಂಕಣದಲ್ಲಿದ್ದ ಏಳುನೂರು ಜನ ಉಳಿದರು. ಅವರಲ್ಲಿ ನಾನೂ ಒಬ್ಬಳು. ಇಪ್ಪತ್ತಾರು ವರ್ಷ ಅವಳಿಗೆ.

ಮಾಗಿಯಲ್ಲಿ ನಿಮ್ಮ ಮರಿಮಗಳು ಮಂದಾರ ಮೈಸೂರಿನಿಂದ ಒಂದು ತಗಡಿನ ಪೆಟ್ಟಿಗೆ ಹಿಡಿದು ಬಂದರು. ನಮ್ಮ ಊರಿನ ಸುದ್ದಿ ಕೇಳಿ ಕಾಲುವೆಯ ಹೆಸರು ಎಲ್ಲೋ ಓದಿದ ಹಾಗಿದೆಯಲ್ಲ ಎಂದು ಮನೆಯೆಲ್ಲ ಹುಡುಕಿದರಂತೆ. ಪೆಟ್ಟಿಗೆಯಲ್ಲಿ ನಿಮ್ಮ ಕೋಷ್ಟಕದ ಅಚ್ಚುಪ್ರತಿ ಇತ್ತು. ಹಬೆಬೇಗೆ ಸತತ ಐದು ದಿನ ನಿಲ್ಲಬಹುದು ಎಂದು ಬರೆದಿದ್ದಿರಿ. ಅಂಚಿನಲ್ಲಿ ನಿಮ್ಮ ಕೈಬರಹ: ‘ಬೇರೆಯವರ ಫಲಿತಾಂಶಕ್ಕಿಂತ ಬಹಳ ಹೆಚ್ಚು. ನಗುತ್ತಾರೆ. ಇನ್ನೊಮ್ಮೆ ನೋಡಿ ತೆರೆಯಬೇಕು.’

ಐದು ದಿನ ಎಂದು ಗೊತ್ತಿದ್ದರೆ ನಾನು ಆರಕ್ಕೆ ಕಟ್ಟಿಸುತ್ತಿದ್ದೆ.

ಆ ದಿನ ನಾನು ಮಂದಾರ ಅವರಿಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ. ಎದ್ದು ಹೊರಗೆ ಹೋದೆ. ಬಿಸಿಲು ಇಳಿಯುವವರೆಗೆ ಅವರು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ತಿರುಗಿ ಬಂದಾಗ ತಲೆ ಎತ್ತದೆ ಹೇಳಿದರು: “ಕೊನೆಗಾಲದಲ್ಲಿ ಮುತ್ತಜ್ಜಿ ಬೇರೆಲ್ಲ ಮರೆತಿದ್ರಂತೆ. ತೆರೀಬೇಕಿತ್ತು, ತೆರೀಬೇಕಿತ್ತು ಅಂತ ಅದೊಂದನ್ನೇ ಅಂತಿದ್ರಂತೆ. ಏನನ್ನ ಅಂತ ಮನೇಲಿ ಯಾರಿಗೂ ತಿಳೀಲಿಲ್ಲ.”

ಆಮೇಲೆ ಅವರು ಎರಡು ತಿಂಗಳು ನಮ್ಮ ಮನೆಯಲ್ಲೇ ಉಳಿದರು. ಇಬ್ಬರೂ ಕೂತು ಕೋಷ್ಟಕವನ್ನೆಲ್ಲ ಕೂಡುಕಣಜಕ್ಕೆ ಏರಿಸಿದೆವು. ನಿಮ್ಮ ಲೆಕ್ಕದಲ್ಲಿ ತಪ್ಪುಗಳೂ ಇದ್ದವು. ಮಂಕು ದಿನದ ಬಿಸಿಲನ್ನು ಹೆಚ್ಚಾಗಿ ಎಣಿಸಿದ್ದಿರಿ, ಕಾಲುವೆ ಬೇಗ ಬತ್ತುತ್ತದೆ ಎಂದಿದ್ದಿರಿ. ಅವನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ನಾವು ಕಂಡದ್ದನ್ನು ಬರೆದೆವು. ಕೃಷ್ಣೆಯ ದಂಡೆಯ ಒಂದು ಊರಿನವರು ಆಗಲೇ ಅದನ್ನು ತೆಗೆದುಕೊಂಡು ತಮ್ಮ ತಣ್ಮನೆಗೆ ಇನ್ನೊಂದು ಬ್ಯಾಟರಿ ಕೋಣೆ ಕಟ್ಟುತ್ತಿದ್ದಾರೆ. ನಮ್ಮ ಊರಲ್ಲೂ ಕಟ್ಟಿದ್ದೇವೆ. ಅದರ ಗೋಡೆಯ ಮೇಲೆ ಮಗಳ ಹೆಸರು ಬರೆಸೋಣ ಎಂದು ಊರವರು ಹೇಳಿದರು. ನಾನು ಬೇಡವೆಂದೆ. ಅದನ್ನು ದಿನಾ ಓದುತ್ತ ಓಡಾಡುವ ಶಕ್ತಿ ನನಗಿಲ್ಲ.

ನಿಮ್ಮನ್ನು ನಾನು ಶಪಿಸಿದ್ದುಂಟು, ಸುಳ್ಳು ಹೇಳುವುದಿಲ್ಲ. ಈಗ ಆಗುತ್ತಿಲ್ಲ. ನೀವು ನಗೆಗೆ ಅಂಜಿದಿರಿ, ನಾನು ತಡಕ್ಕೆ ಅಂಜಿದೆ. ಇಬ್ಬರೂ ಕೆಟ್ಟವರಾಗಿರಲಿಲ್ಲ.

ಒಂದೇ ಬೇಡಿಕೆ, ರೇವತಿ ಅವರೇ. ಯಾವ ದಾರಿಯಿಂದಲಾದರೂ ಈ ಪತ್ರ ನಿಮ್ಮ ಕೈಸೇರಿದರೆ, ಓದಿ ಮುಗಿದ ಕೂಡಲೇ ಆ ಕಡತವನ್ನು ತೆರೆದುಬಿಡಿ. ಇನ್ನೊಮ್ಮೆ ನೋಡುವುದು ಬೇಡ. ಸಂಶಯವಿದ್ದರೆ ಸಂಶಯವಿದೆ ಎಂದೇ ಬರೆದು ತೆರೆಯಿರಿ. ನಗುವವರು ನಗಲಿ. ನಿಮಗಿನ್ನೂ ಹೊತ್ತಿದೆ. ನನ್ನ ಚನ್ನಬಸವ್ವ ಹುಟ್ಟುವುದಕ್ಕೆ ಇನ್ನೂ ಎಪ್ಪತ್ತು ವರ್ಷವಿದೆ.

ಇಂತಿ,
ಹುಲಿಗೆಮ್ಮ