ಮೊದಲು ಹೆಬ್ಬೆಟ್ಟು

ಕಲ್ಯಾಣ
೧೪ ಮಾರ್ಚ್ ೧೯೮೪, ಬುಧವಾರ

ಪ್ರೀತಿಯ ವಿಮಲಕ್ಕನಿಗೆ ಕಿಟ್ಟುವಿನ ನಮಸ್ಕಾರ.

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಲೋಕಲ್ ರೈಲು ಲೇಟು ಎನ್ನೋಣವೆಂದರೆ ಅದು ಕೂಡ ಎರಡು ತಿಂಗಳು ಲೇಟಾದದ್ದಿಲ್ಲ. ಬೈದುಕೋ. ಹಪ್ಪಳದ ಪೊಟ್ಟಣ ತಲುಪಿತು. ಅಂಚೆಯವರೇ ಪುಡಿ ಮಾಡಿ ಕೊಟ್ಟದ್ದರಿಂದ ನನ್ನ ಹಲ್ಲಿಗೆ ಶ್ರಮವಿಲ್ಲ.

ಮರಗಮ್ಮನ ಪರಿಹಾರದ ಕೇಸು ಏನಾಯಿತೆಂದು ಕೇಳಿದ್ದಿ. ಅವಳ ಗಂಡ ಸಿದ್ರಾಮ, ಅಫಜಲಪುರದ ಕಡೆಯವನು, ಶಹಾಡಿನ ಆಚೆಯ ಸರ್ಕಾರಿ ಉಗ್ರಾಣದಲ್ಲಿ ಹಮಾಲಿ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಕ್ರೇನಿನ ತಂತಿಹಗ್ಗ ಹರಿದು, ಪೆಟ್ಟಿಗೆ ಮೈಮೇಲೆ ಬಿದ್ದು ಸತ್ತ ಎಂದು ಆಗಲೇ ಬರೆದಿದ್ದೆ. ಹಗ್ಗ ಸವೆದದ್ದು ನಮಗೆ ಗೊತ್ತೇ ಇರಲಿಲ್ಲ ಎನ್ನುತ್ತದೆ ಸರ್ಕಾರ. ಗೊತ್ತಿತ್ತು, ಸಿದ್ರಾಮ ಮೊದಲೇ ಅರ್ಜಿ ಕಳಿಸಿದ್ದ, ಬರೆದವನು ಈ ಕಿಟ್ಟು ಎನ್ನುತ್ತಾರೆ ಮರಗಮ್ಮನ ವಕೀಲರು, ಡೊಂಬಿವಲಿಯ ಸಂಕರ್ಷಣ ರಾಯರು. ಆ ಅರ್ಜಿ ಉಗ್ರಾಣದ ಕಡತದಲ್ಲಿರಬೇಕು. ಕಡತ ಕೊಡಿ ಎಂದರೆ ಇಲಾಖೆಯ ಸಾಹೇಬರು ಪ್ರಮಾಣಪತ್ರ ಸಲ್ಲಿಸಿದರು: ಇದು ಸರ್ಕಾರದ ಗುಟ್ಟು, ಹೊರಬಿದ್ದರೆ ದೇಶದ ಹಿತಕ್ಕೆ ಧಕ್ಕೆ. ದೇಶ ಒಂದು ಸವೆದ ಹಗ್ಗಕ್ಕೆ ಜೋತುಬಿದ್ದಿದೆಯೆಂದು ನನಗೂ ಗೊತ್ತಿರಲಿಲ್ಲ.

ಕಬ್ಬಿಣದ ಕಪಾಟಿಗೆ ಕೀಲಿ,
ಕೇಳಿ ಬಂದವರ ಕೈ ಖಾಲಿ.

ಈ ಪ್ರಾಸಕ್ಕೆ ರಾಯರು ನಕ್ಕರು. ಮರಗಮ್ಮ ನಗಲಿಲ್ಲ. "ಅದೇನ್ ಗುಟ್ಟರಿ ಮಾಸ್ತರ್ರೆ? ನನ್ನ ಗಂಡ ಸತ್ತದ್ದು ಓಣಿಗೆಲ್ಲಾ ಗೊತ್ತದ."

ನಿನ್ನೆ ಠಾಣೆ ಊರಿನ ಜಿಲ್ಲಾ ಕೋರ್ಟಿನಲ್ಲಿ ಇದೇ ಜಗಳ. ಸಾಹೇಬರು ಗುಪ್ತ ಎಂದ ಮೇಲೆ ಮುಗಿಯಿತು, ಕೋರ್ಟು ಕೂಡ ನೋಡುವ ಹಾಗಿಲ್ಲ ಎಂದರು ಸರ್ಕಾರಿ ವಕೀಲರು. ನ್ಯಾಯಾಧೀಶರು ಕನ್ನಡಕ ತೆಗೆದು, "ಮುಚ್ಚಿಟ್ಟವರೇ ಮುಚ್ಚಿಟ್ಟದ್ದು ಸರಿ ಅಂತ ತೀರ್ಪು ಕೊಡುವುದಾದರೆ ನನ್ನನ್ನು ಇಲ್ಲಿ ಯಾಕೆ ಕೂರಿಸಿದ್ದಾರೆ?" ಎಂದು ಮರಾಠಿಯಲ್ಲಿ ಕೇಳಿದರು. ಸೋಮವಾರ ಕಡತವನ್ನು ಮೊಹರು ಮಾಡಿ ತಮ್ಮ ಕೋಣೆಗೆ ತರಬೇಕು, ಮೊದಲು ತಾವೊಬ್ಬರೇ ಓದಿ ತೀರ್ಮಾನಿಸುತ್ತಾರೆ ಎಂದು ಆದೇಶವಾಯಿತು.

ಮರಗಮ್ಮ ಈಗ ರಬಾಳೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾಳೆ. ಸೆರಗಿನಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು.

"ತಿನ್ರಿ ಮಾಸ್ತರ್ರೆ. ಸೋಮವಾರ ಜಡ್ಜ್ ಸಾಹೇಬ್ರು ನಿಮ್ಮ ಅಕ್ಷರ ನೋಡ್ತಾರ. ನನಗ ಓದ್ಲಾಕ ಬರಲ್ಲ, ಆದ್ರ ನಿಮ್ಮ ಅಕ್ಷರ ನೂರರಾಗ ಗುರ್ತ ಹಿಡೀತೀನಿ."

ಹೋಳಿಗೆಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡೆ.

"ಎಂತ ಮಾರಾಯ, ಗೆದ್ದವರ ಮುಖ ಹೀಗಾ?" ಎಂದರು ರಾಯರು. "ಅರ್ಜಿ ಸಿಕ್ಕಿದ ಕೂಡಲೇ ನಿನ್ನನ್ನು ಕಟಕಟೆಗೆ ಕರೀತೇನೆ. ಅಲ್ಲಿ ಪ್ರಾಸ ಗೀಸ ಬೇಡ. ಹೌದು, ನಾನೇ ಬರೆದದ್ದು ಅಂದ್ರೆ ಸಾಕು."

"ಸಿಗದಿದ್ದರೆ?"

"ಸಿಗದಿದ್ರೆ ಕೇಸು ಹೋಯ್ತು. ನಮ್ಮ ಹತ್ರ ಬೇರೆಂತ ಉಂಟು? ಆದ್ರೆ ಒಳಗೆ ಇಲ್ಲದಿದ್ರೆ ಅವರು ಇಷ್ಟು ಮುಚ್ಚಿಡುದು ಯಾಕೆ ಹೇಳು?"

ಎಲ್ಲರೂ ಕಡತ ತೆರೆಯಲೆಂದು ಹರಕೆ ಹೊತ್ತಿದ್ದಾರೆ. ತೆರೆಯದಿರಲಿ ಎಂದು ದೇವರಿಗೆ ಕೈಮುಗಿದವರು ಇಬ್ಬರೇ: ಇಲಾಖೆಯ ಸಾಹೇಬರು ಮತ್ತು ನಾನು.

ಭಾವನವರ ಮಂಡಿನೋವಿಗೆ ಎಣ್ಣೆ ಕಳಿಸುತ್ತೇನೆ. ವಿನೋದಾಳ ಪರೀಕ್ಷೆಗೆ ಮಾವನ ಆಶೀರ್ವಾದ. ಬರೆಯಬೇಕಾದ್ದನ್ನು ಬರೆಯಬೇಕಾದ ಹೊತ್ತಿಗೇ ಬರೆಯಲಿ. ನಿಮ್ಮನ್ನೆಲ್ಲ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಕಿಟ್ಟು

ತಾ. ಕ.: ಅರ್ಜಿ ಕಡತದಲ್ಲಿಲ್ಲ, ಅಕ್ಕ. ನನ್ನ ಟ್ರಂಕಿನಲ್ಲಿದೆ.

ನನ್ನ ಭಾನುವಾರದ ಪದ್ಧತಿ ನಿನಗೆ ಗೊತ್ತು. ಜಗಲಿಯಲ್ಲಿ ಹತ್ತು ಜನ ಕಾಗದ ಬರೆಸಲು ಕೂತಿರುತ್ತಾರೆ. ಪಾಳಿಗೆ ಹೊತ್ತಾಯಿತೆಂದು ವಿಷಯ ಹೇಳಿ, ಖಾಲಿ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿ ಓಡುತ್ತಾರೆ. ಆಮೇಲೆ ಬರೆದು ಅಂಚೆಗೆ ಹಾಕುವುದು ನನ್ನ ಕೆಲಸ. ಆ ಭಾನುವಾರ ನಾನು ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಸ್ವಾಗತಗೀತೆ ಹೊಸೆಯುತ್ತಿದ್ದೆ. "ಹಗ್ಗದ ಎಳಿ ಬಿಚ್ಚ್ಯಾವ್ರಿ ಮಾಸ್ತರ್ರೆ, ಇವತ್ತೇ ಬರೀರಿ" ಎಂದ ಸಿದ್ರಾಮ. ಕೊನೆಯ ಸಾಲಿಗೆ ಪ್ರಾಸ ಕೂಡುತ್ತಿರಲಿಲ್ಲ. "ಒತ್ತಿ ಹೋಗು ಮಾರಾಯ, ಬರೀತೇನೆ" ಎಂದೆ. ಪ್ರಾಸ ಮರುದಿನ ಸಿಕ್ಕಿತು. ಅರ್ಜಿ ಮರೆತೇಹೋಯಿತು. ಒಂಬತ್ತನೆಯ ದಿನ ಹಗ್ಗ ಹರಿಯಿತು.

ಹೆಣದ ಮುಂದೆ ಮರಗಮ್ಮ, "ನೀವು ಅರ್ಜಿ ಬರದ್ ಹಾಕಿದ್ರಲ್ರಿ ಮಾಸ್ತರ್ರೆ?" ಎಂದು ಕೇಳಿದಾಗ ತಲೆಯಾಡಿಸಿದೆ. ಇಷ್ಟು ದಿನದ ಕೇಸು ನಿಂತಿರುವುದು ನಾನು ಹಾಗೆ ತಲೆಯಾಡಿಸಿದ್ದರ ಮೇಲೆ.

ಇವತ್ತು ಬೆಳಿಗ್ಗೆ ಪೆನ್ನಿಗೆ ಶಾಯಿ ತುಂಬಿ, ಆ ಖಾಲಿ ಹಾಳೆಯಲ್ಲಿ ಹಳೆಯ ತಾರೀಖಿನ ಅರ್ಜಿ ಬರೆಯಲು ಕೂತೆ. ಇದು ಅರ್ಜಿಯ ಇನ್ನೊಂದು ಪ್ರತಿ ಎಂದು ಕೋರ್ಟಿಗೆ ಕೊಡಬಹುದಲ್ಲ? ಹೆಬ್ಬೆಟ್ಟು ಅವನದೇ, ಮಾತೂ ಅವನದೇ. ಆದರೂ ಒಂದು ಸಾಲೂ ಬರಲಿಲ್ಲ.

ಈ ಕಾಗದವನ್ನು ಸ್ಟೇಷನ್ನಿನ ಡಬ್ಬಿಗೆ ಹಾಕಿ ಲೋಕಲ್ಲಿನಲ್ಲಿ ಠಾಣೆಗೆ, ಅಲ್ಲಿಂದ ಬಸ್ಸಿನಲ್ಲಿ ರಬಾಳೆಗೆ ಹೋಗುತ್ತೇನೆ. ಹಾಳೆಯನ್ನು ಮರಗಮ್ಮನ ಕೈಗೇ ಕೊಡಬೇಕು. ನನ್ನ ಅಕ್ಷರ ಹುಡುಕುತ್ತಾಳೆ. ತಿರುವಿ ಹಿಂಬದಿಯನ್ನೂ ನೋಡುತ್ತಾಳೆ. ಆಮೇಲೆ ಕೆಳಗಿರುವ ಹೆಬ್ಬೆಟ್ಟಿನ ಮೇಲೆ ಅವಳ ಕಣ್ಣು ಬೀಳುತ್ತದೆ.