ಲೀಲಾ, ರಾಗ ಕಾಫಿ

ಗ್ರೇಟರ್ ನೋಯ್ಡಾ
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಲೀಲಾ,

ನಾನು ಆರಾಮ. ನಿನ್ನ ಮಂಡಿನೋವು ಹೇಗಿದೆ? ಧನ್ಯಾ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಪುಟ್ಟ ರಾತ್ರಿ ಮಲಗಲು ಕಲಿತನೋ, ಇಲ್ಲ ಅಜ್ಜನ ಹಾಗೆ ಹೊತ್ತಲ್ಲದ ಹೊತ್ತಿನಲ್ಲಿ ಸಂಗೀತಾಭ್ಯಾಸವೋ? ದಿಲ್ಲಿಯ ಗಾಳಿಗೆ ಹೆದರಿ ಮಗಳ ಬಾಣಂತನವನ್ನೇ ಪುಣೆಗೆ ಸಾಗಿಸಿದ್ದು ಒಳ್ಳೆಯದಾಯಿತು. ನಿನ್ನೆಯೂ ಇಲ್ಲಿ ಎದುರಿನ ಟವರ್ ಕಾಣಿಸಲಿಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ವಿಷಯಕ್ಕೆ ಬರುವಷ್ಟರಲ್ಲಿ ಮಗು ಏಳುತ್ತದೆ, ನೀನು ‘ಆಮೇಲೆ ಮಾಡ್ತೀನಿ ಇರಿ’ ಎನ್ನುತ್ತೀಯ, ಆ ಆಮೇಲೆ ಬರುವುದೇ ಇಲ್ಲ. ಅದಕ್ಕೇ ಕಾಗದ. ಮಾರ್ಚ್ ಎಂಟರ ಕಾರ್ಯಕ್ರಮಕ್ಕೆ ಬರುವುದು ಅನುಮಾನ ಎಂದೆಯಂತೆ, ಧನ್ಯಾ ಹೇಳಿದಳು. ಪರವಾಗಿಲ್ಲ, ಮಗು ಮುಖ್ಯ. ನಾನೇನು ಬೇಜಾರು ಮಾಡಿಕೊಂಡಿಲ್ಲ.

ಈಗ ನನ್ನ ಹಾಡಿನ ಸಮಾಚಾರ. ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಮುರಳೀಧರ ಅದನ್ನು ವಾರ್ಷಿಕೋತ್ಸವದಲ್ಲಿ ಪಿಟೀಲು, ಅದರ ದೊಡ್ಡಣ್ಣ ಸೆಲ್ಲೋ, ಕೊಳಲುಗಳ ದೊಡ್ಡ ಮೇಳದಿಂದ ನುಡಿಸಬೇಕೆಂದಾಗ ನಾನು ಎಷ್ಟು ಕೊಸರಾಡಿದೆ, ನಿನಗೇ ಗೊತ್ತು. ಹಗಲು ಸಚಿವಾಲಯದಲ್ಲಿ ಫೈಲು ನೋಡಿ, ಸಂಜೆ ಕರೋಲ್ ಬಾಗಿನಿಂದ ತಂದ ಹಾರ್ಮೋನಿಯಂ ಮೇಲೆ ನನಗೆ ನಾನೇ ಗುರುವಾಗಿ ಕಲಿತವನು. ಸ್ವರಲಿಪಿ ನೋಡಿದರೆ ಸಾಸಿವೆ ಸಿಡಿದು ಚೆಲ್ಲಿದ ಹಾಗೆ ಕಾಣುತ್ತದೆ. ‘ಹಾಡು ನಿಮ್ಮ ಗಂಟಲಲ್ಲೇ ಇದ್ರೆ ಅಷ್ಟು ಜನ ಹೇಗ್ರೀ ನುಡಿಸ್ತಾರೆ? ಬರ್ಕೊಡೋರ ಹತ್ರ ಹೋಗಿ’ ಎಂದು ನೂಕಿದವಳೂ ನೀನೇ, ಮರುದಿನವೇ ಬ್ಯಾಗು ತುಂಬಿಕೊಂಡು ಪುಣೆಯ ರೈಲು ಹತ್ತಿದವಳೂ ನೀನೇ.

ಬರೆದುಕೊಡುವವಳು ಮಯೂರಿ, ಲಖನೌ ಕಡೆಯ ಹುಡುಗಿ. ಲಕ್ಷ್ಮೀ ನಗರದಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲೆ ಬಾಡಿಗೆಗಿದ್ದಾಳೆ. ಕೆಳಗೆ ಬ್ಯಾಂಕ್ ಪರೀಕ್ಷೆಯ ಲೆಕ್ಕ, ಮೇಲೆ ಪಿಟೀಲು. ನೀನು ಹೊರಡುವ ಮುನ್ನ ಒಂದು ಬೆಳಿಗ್ಗೆ ನಾನು ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದನ್ನೇ ಅವಳಿಗೆ ಕಳಿಸಿದ್ದೆ. ಅದನ್ನು ಕೇಳಿ, ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಬರೆಯುವುದು ಅವಳ ಕೆಲಸ. ಇದರಲ್ಲೇನು ಮಹಾ ಎಂದುಕೊಂಡಿದ್ದೆ. ಅವಳು ಕೇಳಿದ ಮೊದಲ ಪ್ರಶ್ನೆಗೇ ತಬ್ಬಿಬ್ಬಾದೆ: ಕೊಳಲಿನವನು ಉಸಿರು ಎಲ್ಲಿ ತೆಗೆದುಕೊಳ್ಳಬೇಕು? ಹಾರ್ಮೋನಿಯಂನಲ್ಲಿ ತಿದಿ ಒತ್ತುತ್ತಿದ್ದರೆ ಆಯಿತು, ಮನುಷ್ಯನಿಗೆ ಶ್ವಾಸಕೋಶ ಎಂಬುದೊಂದಿದೆ ಎನ್ನುವುದನ್ನೇ ನಾನು ಮರೆತಿದ್ದೆ. ಇನ್ನೊಂದು ಕಡೆ ನನ್ನ ಗಂಟಲು ಜಾರುತ್ತದಂತೆ, ಬೆರಳು ಮಾತ್ರ ಹಾರುತ್ತದಂತೆ. ಆ ಜಾರು ಹಾರ್ಮೋನಿಯಂಗೆ ಬಾರದು, ಸೆಲ್ಲೋಗೆ ಬರುತ್ತದೆ ಎಂದಳು. ಇಷ್ಟು ವರ್ಷ ನಾನು ಬೇಕೆಂದುಕೊಂಡದ್ದು ಏನೆಂದು ಬೇರೆಯವರ ಬಾಯಿಂದ ಕೇಳಿ ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ನಿನ್ನೆ ಅವಳ ಮನೆಯಲ್ಲೇ ಮೊದಲ ತಾಲೀಮು. ಮೆಟ್ರೋದಲ್ಲಿ ಯಮುನಾ ಬ್ಯಾಂಕ್‌ನಲ್ಲಿ ಬದಲಾಯಿಸಿಕೊಂಡು ಹೋದೆ, ನಿನ್ನ ನೇಯ್ಗೆಯ ಸ್ವೆಟರ್ ಹಾಕಿಕೊಂಡೇ. ಮೊದಲರ್ಧ ಅದ್ಭುತ. ನನ್ನ ಮೋಹನ ರಾಗ, ನನಗಿಂತ ನೆಟ್ಟಗೆ ನಿಂತಿತ್ತು. ಆಮೇಲೆ ನಡುವೆ ಸೆಲ್ಲೋ ಯಾರನ್ನೋ ಕೂಗಿದಂತೆ ಎರಡು ಸ್ವರ ಎಳೆಯಿತು, ಮೇಳವೆಲ್ಲ ಬೇರೆ ರಾಗಕ್ಕೆ ಹೊರಳಿಬಿಟ್ಟಿತು. ನಗುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಏನನ್ನೋ ನೆನೆಸಿಕೊಂಡು ಸುಮ್ಮನಾದ ಹಾಗೆ. ನನಗೆ ಪಿತ್ತ ನೆತ್ತಿಗೇರಿತು. ರಾಗವನ್ನೇ ಅವಳು ಬದಲಿಸುವುದಾದರೆ ಇದು ನನ್ನ ಹಾಡು ಹೇಗಾದೀತು? ವಾಪಸು ಕೊಟ್ಟುಬಿಡಿ, ಮುರಳೀಧರನಿಗೆ ನಾನೇ ಹೇಳುತ್ತೇನೆ ಎಂದು ಎದ್ದು ನಿಂತೆ.

ಮಯೂರಿಗೆ ಕಣ್ಣಲ್ಲಿ ನೀರೊಂದು ಬಾಕಿ. ‘ಅಂಕಲ್‌ಜೀ, ನೀವೇ ಹೇಳಿದ್ದೀರಲ್ಲ’ ಎಂದು ಫೋನು ತೆಗೆದು ನನ್ನದೇ ಹಾಡು ಹಾಕಿದಳು. ಹಾರ್ಮೋನಿಯಂ ನಿಲ್ಲುತ್ತದೆ. ನನ್ನ ದನಿ, ಬಹಳ ಗಂಭೀರವಾಗಿ: ‘ಲೀಲಾ... ಕಾಫಿ.’ ಮತ್ತೆ ಹಾಡು.

ಅವಳಿಗೆ ಅರ್ಥವಾದದ್ದು ಇಷ್ಟು: ಎರಡನೆಯ ಭಾಗದ ಹೆಸರು ಲೀಲಾ, ರಾಗ ಕಾಫಿ! ಇಲ್ಲಿಯವರು ಕುಡಿಯುವುದಕ್ಕೆ ಬಾಯಿ ಗುಂಡಗೆ ಮಾಡಿ ‘ಕೌಫಿ’ ಎನ್ನುತ್ತಾರೆ ನೋಡು. ನಮ್ಮ ಹಾಗೆ ಬಾಯಿ ಅಗಲಿಸಿ ‘ಕಾಫಿ’ ಎಂದರೆ ಅವರಿಗೆ ಅದು ರಾಗವೇ. ಅಂಕಲ್‌ಜೀ ರಾಗದ ಹೆಸರು ಹೇಳಿ ಅದರಲ್ಲಿ ಹಾಡಲು ಮರೆತಿದ್ದಾರೆ ಎಂದು ಪಾಪ, ಅವಳೇ ಸ್ವರಗಳನ್ನು ಹೊರಳಿಸಿ ಸರಿಮಾಡಿದ್ದಾಳೆ. ಲೀಲಾ ನನ್ನ ಹೆಂಡತಿ, ಕಾಫಿ ಬೆಳಗಿನದು ಎಂದು ವಿವರಿಸಿದಾಗ ಸೆಲ್ಲೋದವನು ಕಮಾನು ಕೆಳಗಿಟ್ಟು ನಕ್ಕ. ನಾನೂ ಬಿದ್ದು ಬಿದ್ದು ನಕ್ಕೆ.

ಮಯೂರಿ ನಾಲಿಗೆ ಕಚ್ಚಿಕೊಂಡು, ಎಲ್ಲವನ್ನೂ ಮೋಹನಕ್ಕೇ ತಿರುಗಿಸಿ ಬರೆಯುತ್ತೇನೆ ಎಂದಳು. ಇನ್ನೊಮ್ಮೆ ನುಡಿಸಿ ಎಂದೆ. ಈ ಸಲ ಸೆಲ್ಲೋ ಕೂಗುತ್ತಿರುವುದು ಯಾರನ್ನು ಎಂದು ಗೊತ್ತಿತ್ತಲ್ಲ, ನಗು ಬರಲಿಲ್ಲ. ನಿನ್ನ ನೆನಪಾಯಿತು ಕಣೇ. ನೀನು ಹೋದಮೇಲೆ ಕಾಫಿ ನಾನೇ ಮಾಡಿಕೊಳ್ಳುತ್ತೇನೆ, ಡಿಕಾಕ್ಷನ್ ಚೆನ್ನಾಗಿಯೇ ಇಳಿಯುತ್ತದೆ, ಆದರೆ ಕೂಗುವುದಕ್ಕೆ ಯಾರೂ ಇಲ್ಲ. ಹಾಗೇ ಇರಲಿ ಬಿಡು ಮಗಳೇ ಎಂದೆ. ಹಾಡು ನನ್ನದೇ, ನಾನು ಹೇಳಿದ್ದನ್ನೇ ಅವಳು ಬರೆದದ್ದು, ಏನು ಹೇಳಿದೆ ಎಂದು ನನಗೆ ತಿಳಿದಿರಲಿಲ್ಲ ಅಷ್ಟೆ. ಆಮೇಲೆ ಎಲ್ಲರೂ ಕೆಳಗಿಳಿದು ಭಯ್ಯಾನ ಗಾಡಿಯಲ್ಲಿ ಚಹಾ ಕುಡಿದೆವು.

ಧನ್ಯಾಳಿಗೆ ಆಶೀರ್ವಾದ, ಅಳಿಯಂದಿರಿಗೆ ನೆನಪುಗಳು, ಪುಟ್ಟನ ಅಂಗಾಲಿಗೊಂದು ಮುತ್ತು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಅನಂತರಾಮ

ಮರೆತಿದ್ದೆ: ಫೋನಿನಲ್ಲಿ ನನ್ನ ಕೂಗಿನ ಹಿಂದೆಯೇ ಅಡುಗೆಮನೆಯಿಂದ ನಿನ್ನ ದನಿಯೂ ಸಣ್ಣಗೆ ಕೇಳುತ್ತದೆ, ‘ಬಂದೆ, ಬಂದೆ’ ಎಂದು. ಮಯೂರಿ ಅದನ್ನೂ ಬಿಟ್ಟಿಲ್ಲ, ಕೊಳಲಿಗೆ ಕೊಟ್ಟಿದ್ದಾಳೆ. ನೀನು ಬಾರದಿದ್ದರೂ ಪರವಾಗಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅಷ್ಟು ಜನರ ಎದುರು ಕೊಳಲೂ ಸುಳ್ಳು ಹೇಳುವುದು ಬೇಡ. ಬಾ.