ಟೇಕ್ ಪದದ ಅರವತ್ತಮೂರು ಚೀಟಿಗಳು

೧೯ ಮಾರ್ಚ್, ಭಾನುವಾರ ಬೆಳಿಗ್ಗೆ

ಅಮ್ಮಾ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಸ ಹಾಳೆಯಲ್ಲಿ ಮತ್ತೆ ಶುರು ಮಾಡಬಹುದಿತ್ತು, ಆದರೆ ಹೊಡೆದದ್ದು ನಿನಗೆ ಕಾಣಲಿ ಅಂತಲೇ ಬಿಟ್ಟಿದ್ದೇನೆ.

ನಿನ್ನ ನಾಲ್ಕು ಸಾಲಿನ ಕಾಗದ ಬಂತು. ಚಿಕ್ಕಮ್ಮನ ಮನೆಯಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿದೆ, ಮಂಡಿನೋವು ಕಡಿಮೆ, ನಲ್ಲಿ ಸರಿಯಾಗಿ ತಿರುಗಿಸು, ಊಟ ಬಿಡಬೇಡ. ಇಪ್ಪತ್ತಾರು ವರ್ಷ ಪದಗಳ ನಡುವೆ ಕೂತು ಎದ್ದವಳಿಗೆ ಮಗಳಿಗೆ ಬರೆಯಲು ಸಿಕ್ಕಿದ್ದು ನಲ್ಲಿಯ ವಿಷಯ. ಸಂಸ್ಥೆಯ ನಿರ್ದೇಶಕರಿಗೆ ನೀನು ಬರೆದುಕೊಟ್ಟ ಹೇಳಿಕೆ ಇದಕ್ಕಿಂತ ಉದ್ದವಾಗಿದೆ. ಅದರ ಪ್ರತಿ ಈಗ ನನ್ನ ಮುಂದಿದೆ. 'ನಾನು ನಕಲು ಗುಮಾಸ್ತೆ ಮಾತ್ರ, ದೊಡ್ಡವರು ಹೇಳಿದ್ದನ್ನು ದುಂಡಗೆ ಬರೆದಿದ್ದೇನೆ, ಇಂಗ್ಲಿಷ್-ಕನ್ನಡ ನಿಘಂಟಿನ ಯಾವ ಅರ್ಥವೂ ನನ್ನದಲ್ಲ' ಅಂತ ಬರೆದಿದ್ದೀಯ. ಕೆಳಗೆ ಸಹಿ. ಅಕ್ಷರ ಎಷ್ಟು ಚಂದ ಇದೆ ಅಂದರೆ, ಸುಳ್ಳು ಹೇಳುವಾಗಲೂ ಒಂದು ಒತ್ತಕ್ಷರ ಓರೆಯಾಗಿಲ್ಲ.

ಸುಳ್ಳು ಎನ್ನುವುದನ್ನು ನಾನು ಯಾರಿಗೆ ಬೇಕಾದರೂ ತೋರಿಸಿಕೊಡಬಲ್ಲೆ. ಟೇಕ್ ಅನ್ನುವ ಒಂದು ಪದ ಸಾಕು.

ನಿಘಂಟು ವಿಭಾಗದ ಆ ಉದ್ದನೆಯ ಕೋಣೆ ಹಾಗೇ ಇದೆ. ಗೋಡೆಯುದ್ದಕ್ಕೂ ಮರದ ಡ್ರಾಯರುಗಳು, ಅವುಗಳ ತುಂಬ ಚೀಟಿಗಳು, ಚೀಟಿಗೊಂದು ಅರ್ಥ. ಪ್ರಧಾನ ಸಂಪಾದಕರು ಕಿಟಕಿಯ ಕಡೆ. ಅವರ ಹೆಸರನ್ನು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಅವರು ದೊಡ್ಡವರು. ನಿನ್ನ ಮೇಜು ಬಾಗಿಲ ಹಿಂದೆ. ಬಾಗಿಲು ತೆರೆದರೆ ನೀನು ಕಾಣಿಸುತ್ತಲೇ ಇರಲಿಲ್ಲ. ಕೆಳಗಿನ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ನಾನು ಸೇರಿದ ಮೇಲೆ ಎಷ್ಟು ಸಲ ಆ ಬಾಗಿಲು ನಿನ್ನ ಕುರ್ಚಿಗೆ ಬಡಿದದ್ದನ್ನು ನೋಡಿದ್ದೇನೆ. ಪ್ರತಿ ಸಲವೂ ಪರವಾಗಿಲ್ಲ ಎಂದದ್ದು ನೀನೇ.

ಟೇಕ್ ಎಂದರೆ ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಮೊದಲ ವಾರವೇ ಸಿಗುವ ಪದ. ದೊಡ್ಡವರು ಅದಕ್ಕೆ ಹತ್ತೊಂಬತ್ತು ಅರ್ಥ ಬರೆದು ನಿನ್ನ ಕೈಗೆ ಕೊಟ್ಟಿದ್ದರು. ತೆಗೆದುಕೊ, ಸ್ವೀಕರಿಸು, ಗ್ರಹಿಸು, ಅಪಹರಿಸು, ಹೀಗೆ. ನೀನು ಹದಿನಾಲ್ಕು ತಿಂಗಳಾದ ಮೇಲೆ ಅರವತ್ತಮೂರು ಚೀಟಿ ತಿರುಗಿ ಕೊಟ್ಟೆ. ಅವು ಯಾವ ಪುಸ್ತಕದಿಂದ ಬಂದವು? ಬಣ್ಣ ಹಾಕುವ ಅಂಗಡಿಯವನ ಮುಂದೆ ನಿಂತು ಬಟ್ಟೆಗೆ ಬಣ್ಣ ಹಿಡಿಯಿತು ಅನ್ನುವುದನ್ನು ಕೇಳಿಸಿಕೊಂಡೆ. ಸಸಿ ಮಾರುವವಳಿಂದ 'ಕಸಿ ಕೂಡಿಕೊಂಡಿತು' ಬಂತು. ಇಂಗ್ಲಿಷಿನಲ್ಲಿ ಎರಡಕ್ಕೂ ಟೇಕ್ ಅಂತೆ. ಬಸ್ಸಿನಲ್ಲಿ ಬಿಟ್ಟುಹೋದ ಟಿಕೇಟುಗಳ ಹಿಂದೆ ಬರೆದುಕೊಂಡು ಬರುತ್ತಿದ್ದೆ. ಬಟ್ಟೆ ಒಗೆಯುವ ಮುಂಚೆ ನಿನ್ನ ಸೆರಗಿನ ಗಂಟು ಬಿಚ್ಚಿ ಟಿಕೇಟು ತೆಗೆಯುವುದು ನನ್ನ ಕೆಲಸ.

ನೀನು ನಗುತ್ತಿದ್ದದ್ದೂ ನೆನಪಿದೆ. ಇಂಗ್ಲಿಷಿನವರು ಎಲ್ಲಾನೂ ತಗೋತಾರೆ ಕಣೇ, ಬಸ್ಸು ತಗೋತಾರೆ, ಸ್ನಾನ ತಗೋತಾರೆ, ಪರೀಕ್ಷೆನೂ ತಗೋತಾರೆ, ನಾವು ಹತ್ತುತೀವಿ, ಮಾಡ್ತೀವಿ, ಬರೀತೀವಿ, ಪಾಪ ಅವರ ಕೈ ಯಾವಾಗಲೂ ಚಾಚಿಕೊಂಡೇ ಇರುತ್ತೆ ಅಂತ. 'ಈ ಸೀಟು ಖಾಲಿ ಇದೆಯಾ' ಎಂದು ಕೇಳುವ ಜಾಗದಲ್ಲೂ ಅವರು ಟೇಕನ್ನೇ ಬಳಸುತ್ತಾರಂತೆ. ಅದಕ್ಕೆ ದೊಡ್ಡವರು 'ಈ ಆಸನವು ತೆಗೆದುಕೊಳ್ಳಲ್ಪಟ್ಟಿದೆಯೇ' ಎಂದು ಬರೆದಿದ್ದರು. ನೀನು 'ಇಲ್ಲಿ ಯಾರಾದರೂ ಇದ್ದಾರಾ' ಎಂದು ಬದಲಾಯಿಸಿದೆ. ಮೊದಲಿನದರಲ್ಲಿ ತಪ್ಪೇನಮ್ಮ ಅಂತ ಅವರು ಎಲ್ಲರ ಮುಂದೆ ಕೇಳಿದರು. ತಪ್ಪೇನಿಲ್ಲ ಸಾರ್, ಹಾಗೆ ಕೇಳಿದರೆ ಕೂತವರು ಹೆದರಿ ಎದ್ದುಹೋಗ್ತಾರೆ ಅಷ್ಟೇ ಅಂದೆ ನೀನು. ಇಡೀ ಕೋಣೆ ನಕ್ಕಿತು. ದೊಡ್ಡವರೂ ನಕ್ಕರು. ಸಂಜೆ ಆ ಚೀಟಿಯಲ್ಲಿದ್ದ ನಿನ್ನ ಮಾತನ್ನೇ ತಮ್ಮ ಕೈಯಲ್ಲಿ ಇನ್ನೊಮ್ಮೆ ಬರೆದು ನಿನ್ನದನ್ನು ಹರಿದುಹಾಕಿದರು. ಉಳಿದ ಚೀಟಿಗಳಿಗೂ ಅದೇ ಆಯಿತು.

ಆ ಪದಕ್ಕೆ ಇನ್ನೊಂದು ಅರ್ಥ ಇದೆಯಲ್ಲ, ಬಂದದ್ದನ್ನು ತಡೆದುಕೊಳ್ಳುವುದು. ಅದಕ್ಕೆ ನೀನು ಏಳು ಸಮಾನಪದ ಕೊಟ್ಟಿದ್ದೆ: ತಾಳು, ಸಹಿಸು, ಸೈರಿಸು, ತಡೆದುಕೊ, ನುಂಗಿಕೊ, ಹೊಟ್ಟೆಗೆ ಹಾಕಿಕೊ, ಹಲ್ಲು ಕಚ್ಚಿಕೊಂಡಿರು. ದೊಡ್ಡವರಿಗೆ ಹೊಳೆದದ್ದು ಒಂದೇ. ಉಳಿದ ಆರರ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ.

ನಾನು ಕಾಲೇಜು ಮುಗಿಸಿದವಳಲ್ಲ. ನನಗೆ ತಿಳಿದದ್ದೆಲ್ಲ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹರಿದ ಕರಪತ್ರಗಳಲ್ಲಿ ಕಲಿತದ್ದು. ಅವನ್ನು ನೀನು ನನ್ನ ಬಣ್ಣದ ಕಾಗದಗಳು ಅನ್ನುತ್ತಿದ್ದೆ. ದುಡಿದವರ ಕೈ ಒಂದು, ಮೇಲೆ ಹಾಕುವ ಹೆಸರು ಇನ್ನೊಂದು, ಲೋಕ ನಡೆಯುವುದೇ ಹೀಗೆ ಎಂದು ಅವುಗಳಲ್ಲಿ ಓದಿದಾಗ ನನಗೆ ಯಾವ ಕಾರ್ಖಾನೆಯೂ ಕಣ್ಣ ಮುಂದೆ ಬರಲಿಲ್ಲ, ಬಾಗಿಲ ಹಿಂದಿನ ಒಂದು ಮೇಜು ಬಂತು.

ಆಮೇಲೆ ಮುನ್ನುಡಿಯ ಪ್ರೂಫ್ ನನ್ನ ಮೇಜಿಗೆ ಬಂತು. ದೊಡ್ಡವರು ಎಲ್ಲರಿಗೂ ವಂದನೆ ಹೇಳಿದ್ದರು. ಹೊತ್ತುಹೊತ್ತಿಗೆ ಕಾಫಿ ಕೊಟ್ಟ ಹೆಂಡತಿಗೆ, ಕಾಗದದ ವ್ಯಾಪಾರಿಗೆ, ಡ್ರಾಯರು ಮಾಡಿದ ಬಡಗಿಗೆ. ನಿನ್ನ ಹೆಸರು ಇರಲಿಲ್ಲ. ಮನೆಗೆ ತಂದು ತೋರಿಸಿದೆ. ನೀನು ಇಸ್ತ್ರಿ ಮಾಡುತ್ತಿದ್ದೆ. ಓದಿದೆ, ಬಡಗಿ ಹೆಸರು ಬಂತಲ್ಲ ಒಳ್ಳೇದಾಯ್ತು, ಆ ಡ್ರಾಯರು ಒಂದು ದಿನವೂ ಸಿಕ್ಕಿಹಾಕಿಕೊಳ್ಳಲಿಲ್ಲ ಅಂದೆ. ನನಗೆ ಮೈ ಉರಿಯಿತು. ಅದು ನಿನ್ನ ಕೆಲಸ ಅಂತ ಕೂಗಿದೆ. ನೀನು ಕಾಲರನ್ನು ತಿರುವಿ ಹಾಕಿ, ನಂದು ಅಂತ ಹೇಗೆ ಹೇಳ್ಲಿ, ಅದು ಬಣ್ಣದ ಅಂಗಡಿಯವನ ಮಾತು, ಸಸಿ ಮಾರುವವಳ ಮಾತು, ನಾನೂ ಅವರಿಂದ ತಗೊಂಡು ಬಂದವಳೇ ತಾನೆ ಎಂದೆ.

ಅದಕ್ಕೆ ಉತ್ತರ ಈಗ ಹೇಳುತ್ತೇನೆ. ಬಣ್ಣದ ಅಂಗಡಿಯವನ ಮಾತು ದಿನಾ ನೂರು ಜನರ ಕಿವಿಗೆ ಬೀಳುತ್ತದೆ. ನಿಂತು ಕೇಳಿಸಿಕೊಂಡವಳು ನೀನೊಬ್ಬಳು. ಕೇಳಿಸಿಕೊಳ್ಳುವುದೂ ದುಡಿಮೆ. ದೊಡ್ಡವರು ಯಾರ ಮುಂದೆಯೂ ನಿಲ್ಲಲಿಲ್ಲ, ಯಾರ ಮಾತನ್ನೂ ಕೇಳಲಿಲ್ಲ. ಅವರಿಗೂ ನಿನಗೂ ಒಂದೇ ಕ್ರಿಯಾಪದ ಹಾಕಲು ನಾನು ಒಪ್ಪುವುದಿಲ್ಲ.

ಏನೂ ಮಾಡಬೇಡ ಅಂತ ಆವತ್ತು ನನ್ನಿಂದ ಮಾತು ತಗೊಂಡೆ. ಆಯ್ತು ಅಂದೆ ನಾನು. ಆಯ್ತು ಅನ್ನುವಾಗಲೇ ಅದು ಮನಸ್ಸಿನಲ್ಲಿ ಇರಲಿಲ್ಲ.

ಮೊದಲ ಹಾಳೆಯಲ್ಲಿ ದೊಡ್ಡವರ ಹೆಸರಿನ ಕೆಳಗೆ ನಿನ್ನ ಹೆಸರು ಬಂತು. ಹೇಗೆ ಬಂತು ಅನ್ನುವುದನ್ನು ಇಲ್ಲಿ ಬರೆಯಬೇಕಾಗಿಲ್ಲ. ಎರಡು ಸಾವಿರ ಪ್ರತಿ ಅಚ್ಚಾಗಿ, ಹೊಲಿದು, ರಟ್ಟು ಹಾಕಿ, ಬಿಡುಗಡೆಯ ಸಭೆಯಲ್ಲಿ ದೊಡ್ಡವರು ರಿಬ್ಬನ್ ಬಿಚ್ಚಿ ಪುಸ್ತಕ ತೆರೆದರು. ಅವರ ಮುಖ ನೋಡಿದೆ. ಆಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ನಿನ್ನ ಮುಖ ನೋಡಿದೆ. ಸಂತೋಷ ಕಾಣಿಸುತ್ತದೆ ಅಂದುಕೊಂಡಿದ್ದೆ. ನೀನು ನನ್ನ ಕಡೆ ನೋಡಿ ತಲೆ ತಗ್ಗಿಸಿದೆ, ಮಗಳ ಮೇಲೆ ಯಾರೋ ಮನೆಗೆ ಬಂದು ದೂರು ಹೇಳಿದ ಹಾಗೆ.

ಮರುದಿನವೇ ಆ ಹಾಳೆಯನ್ನು ಪ್ರತಿಯೊಂದು ಪುಸ್ತಕದಿಂದಲೂ ಕತ್ತರಿಸಿ ಹೊಸದನ್ನು ಅಂಟಿಸಬೇಕೆಂದು ಆಜ್ಞೆಯಾಯಿತು. ಬೈಂಡಿಂಗಿನ ಹೆಂಗಸರು ಸಾಲದೆ ಬಂದಾಗ ಕೆಳಗಿಳಿದು ಬಂದವಳು ನೀನು. ಯಾರೂ ಕರೆದಿರಲಿಲ್ಲ. ಮೂರು ದಿನ ಕೂತು, ಬ್ಲೇಡು ಹಿಡಿದು, ಅಳತೆಪಟ್ಟಿ ಇಟ್ಟು, ನಿನ್ನ ಹೆಸರನ್ನು ನೀನೇ ಕತ್ತರಿಸಿದೆ. ಒಂದೂ ಹಾಳೆ ಓರೆಯಾಗಲಿಲ್ಲ. ಪಕ್ಕದವಳು ನಿಮ್ಮ ಕೈ ಪಳಗಿದೆ ಅಕ್ಕಾ ಎಂದಳು, ನೀನು ಅದಕ್ಕೆ ಹೂಂ ಅಂದೆ. ಕತ್ತರಿಸಿದ್ದನ್ನು ಅಂಚು ಸರಿಮಾಡಿ, ದಾರ ಕಟ್ಟಿ, ರದ್ದಿಗೆ ಇಟ್ಟೆ. ಅದನ್ನು ನೋಡುತ್ತ ನಿಂತಿದ್ದೆ ನಾನು. ಇದನ್ನು ನಾನು ಕ್ಷಮಿಸುವುದಿಲ್ಲ.

ವಿಚಾರಣೆ ಆಯಿತು. ಅಚ್ಚಿನ ಮಷಿನ್ ನಡೆಸುವ ಮಾಮನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಮೂವತ್ತು ವರ್ಷ ಆ ಮಷಿನ್ ಜೊತೆ ನಿಂತವರು, ನನ್ನನ್ನು ಎತ್ತಿ ಆಡಿಸಿದವರು. ಒಂದು ಕಣ್ಣು ಮಂಜಾಗಿದೆ, ಬೇರೆ ಕಡೆ ಯಾರು ಸೇರಿಸಿಕೊಳ್ಳುತ್ತಾರೆ? ನಾನು ಸುಮ್ಮನೆ ಕೂರಲಿಲ್ಲ. ಸೈಕಲ್ ಅಂಗಡಿಯ ಹಿಂದಿನ ನಮ್ಮ ಕೋಣೆಯವರು ಸೇರಿ ಕರಪತ್ರ ತೆಗೆದೆವು, ಬರೆದವಳು ನಾನೇ. ಆಡಳಿತ ತನ್ನ ಕಳ್ಳತನ ಮುಚ್ಚಿಕೊಳ್ಳಲು ಒಬ್ಬ ಮುದುಕನ ಅನ್ನ ಕಿತ್ತುಕೊಂಡಿದೆ ಅಂತ ಬರೆದೆ. ಗೇಟಿನಲ್ಲಿ ನಿಂತು ಹಂಚಿದೆ. ನಿನಗೂ ಒಂದು ಕೊಟ್ಟೆ. ನೀನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಚೆನ್ನಾಗಿ ಬರ್ದಿದ್ದೀಯ, ಎಲ್ಲಾ ಇದೆ, ಯಾರ ಮಾತು ಕೇಳಿ ಮಾಮ ಅಚ್ಚು ಹಾಕಿದರು ಅನ್ನೋದು ಒಂದು ಇಲ್ಲ ಅಂದೆ. ಹೋರಾಟದ ಹೊತ್ತಿನಲ್ಲಿ ಇಂಥ ಚಿಲ್ಲರೆ ಪ್ರಶ್ನೆ ಕೇಳಬಾರದು ಅಂತ ನಾನು ರೇಗಿದೆ. ನೀನು ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಕೆಳಗೆ ಇಟ್ಟು ಪಾತ್ರೆ ತೊಳೆಯಲು ಹೋದೆ.

ಅದಾದ ನಾಲ್ಕನೇ ದಿನಕ್ಕೆ ಈ ಹೇಳಿಕೆ. ಜೊತೆಗೆ ರಾಜೀನಾಮೆ. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಟ್ರಂಕು ಕಟ್ಟಿಕೊಂಡು ಚಿಕ್ಕಮ್ಮನ ಮನೆಗೆ ಹೊರಟಾಗ ಯಾಕೆ ಅಂತ ಕೇಳಿದೆ. ಸುಸ್ತಾಗಿದೆ ಅಂದೆ ನೀನು. ಹೆದರಿದೆ ಅಂತ ಹೇಳು ಅಂದೆ ನಾನು. ಹಾಗೇ ಅಂದ್ಕೋ ಅಂದೆ ನೀನು.

ಹಾಗೇ ಅಂದುಕೊಂಡು ಇಷ್ಟು ದಿನ ಕಳೆದಿದ್ದೇನೆ. ನಮ್ಮ ಕೋಣೆಯವರು ನಿನ್ನ ವಿಷಯ ಎತ್ತುವುದಿಲ್ಲ, ನನಗೆ ಮುಜುಗರವಾಗುತ್ತದೆಂದು. ನಿನ್ನ ಮೇಜಿನ ಮೇಲೆ ಈಗ ಹಳೆಯ ಟೆಲಿಫೋನ್ ಡೈರೆಕ್ಟರಿಗಳಿವೆ. ನಿಘಂಟು ಚೆನ್ನಾಗಿ ಹೋಗುತ್ತಿದೆಯಂತೆ. ಒಂದು ಪತ್ರಿಕೆ ಟೇಕ್ ಪದದ ಎಂಟು ಪುಟವನ್ನು ವಿಶೇಷವಾಗಿ ಹೊಗಳಿ, ದೊಡ್ಡವರು ಬೀದಿಯ ಮಾತಿಗೆ ಕಿವಿಗೊಟ್ಟಿದ್ದಾರೆ ಎಂದು ಬರೆದಿದೆ. ಆ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಓದು. ನಗಬೇಡ. ನೀನು ನಗುತ್ತೀಯ ಅಂತ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ನಿನ್ನ ಜೊತೆ ಜಗಳವಾಡಲು ಇನ್ನೂ ತುಂಬ ಇದೆ. ಆದರೆ ಎದುರು ನೀನಿಲ್ಲದೆ ಬರೆದರೆ ಎಲ್ಲ ವಾದವನ್ನೂ ನಾನೇ ಗೆಲ್ಲುತ್ತೇನೆ, ಅದರಲ್ಲಿ ರುಚಿಯಿಲ್ಲ. ಊಟ ಬಿಟ್ಟಿಲ್ಲ. ನಲ್ಲಿ ಸೋರುತ್ತಿಲ್ಲ.

ಸಿಟ್ಟು ಇಳಿಯದ
ನಿನ್ನ ಮಗಳು

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಇದನ್ನು ಸೇರಿಸುತ್ತಿದ್ದೇನೆ. ನಿನ್ನ ಹೇಳಿಕೆಯ ಪ್ರತಿ ಕೊಟ್ಟ ಹೆಡ್ ಗುಮಾಸ್ತರು ಅದಕ್ಕೆ ಪಿನ್ ಮಾಡಿದ್ದ ಇನ್ನೊಂದು ಹಾಳೆಯನ್ನೂ ನನಗೆ ಓದಿಸಿದರು. ಮಷಿನ್ ಮಾಮನನ್ನು ವಾಪಸು ಸೇರಿಸಿಕೊಳ್ಳಬೇಕು, ನಿನ್ನ ಹೆಸರಿನ ಆ ಸಾಲು ಹೇಗೆ ಬಂತೆಂದು ಮುಂದೆ ಯಾರನ್ನೂ ಕೇಳಬಾರದು, ಹಾಗಿದ್ದರೆ ಮಾತ್ರ ನಿನ್ನ ಸಹಿ. ಅದೂ ನಿನ್ನದೇ ಅಕ್ಷರ. ಮೇಲಿನದನ್ನೆಲ್ಲ ಬರೆಯುವಾಗ ಇದು ನನಗೆ ಗೊತ್ತಿತ್ತು.

ದೊಡ್ಡವರ ಸಹಿಯಾದ ಪ್ರೂಫಿಗೆ ಆ ಸಾಲು ಸೇರಿಸಿದವಳು ನಾನು. ದೊಡ್ಡವರು ನೋಡಿದ್ದಾರಾ ಅಂತ ಮಾಮ ಕೇಳಿದ್ದರು. ನೋಡಿ ಒಪ್ಪಿದ್ದಾರೆ ಅಂದೆ. ಅಂತೂ ಆ ಮನುಷ್ಯನಿಗೆ ಬುದ್ಧಿ ಬಂತಲ್ಲ ಅಂತ ಸಂತೋಷಪಟ್ಟು, ನಿನ್ನ ಹೆಸರಿಗೆ ಸವೆಯದ ಅಚ್ಚಿನ ಮೊಳೆಗಳನ್ನೇ ಒಂದೊಂದಾಗಿ ಆರಿಸಿ ಕೂಡಿಸಿದರು. ವಿಚಾರಣೆಯಲ್ಲಿ ನನಗೆ ಗೊತ್ತಿಲ್ಲ ಅಂದೆ. ಮಾಮ ನನ್ನ ಮುಖ ನೋಡಿದರು, ನನ್ನ ಹೆಸರು ಹೇಳಲಿಲ್ಲ. ಹೊರಗೆ ಬಂದು ಕರಪತ್ರ ಬರೆದೆ.

ಮಾಮ ಕೆಲಸಕ್ಕೆ ಬಂದು ಹದಿಮೂರು ದಿನವಾಯಿತು. ನಾನು ಇನ್ನೂ ಏನೂ ಹೇಳಿಲ್ಲ. ಪ್ರೂಫ್ ಹಿಡಿದು ದಿನಕ್ಕೆ ನಾಲ್ಕು ಸಲ ಅವರ ಮುಂದೆ ಹಾದುಹೋಗುತ್ತೇನೆ. ಪ್ರತಿ ಬೆಳಿಗ್ಗೆ ಅವರು ಮಷಿನ್ ಒರೆಸುತ್ತ, ನಿಮ್ಮಮ್ಮ ಯಾವಾಗ ಬರ್ತಾರೆ ಮಗಳೇ, ರಜೆ ಜಾಸ್ತಿ ಆಯ್ತಲ್ಲ ಅಂತ ಕೇಳುತ್ತಾರೆ. ನೀನು ಕೆಲಸ ಬಿಟ್ಟದ್ದನ್ನು ಅವರಿಗೆ ಯಾರೂ ಹೇಳಿಲ್ಲ.